ಕರಾಮದ ಮನೆಯೊಳಗಿನ ಮೊಂತೆರೋವ

ಇಟಲಿಯ ದಕ್ಷಿಣ ತುದಿಯಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿ ನಿಂತ ಗುಡ್ಡದ ಮೇಲೆ, ಮೊಂತೆರೋವ ಎಂಬ ಸಣ್ಣ ಊರಿದೆ. ನಾನು ಅಲ್ಲಿಗೆ ಹೋದವಳಲ್ಲ, ನಮ್ಮ ಮನೆಯವರು ಯಾರೂ ಹೋದವರಲ್ಲ. ಆದರೂ ನನಗೆ ಹತ್ತು ವರ್ಷವಾಗಿದ್ದಾಗ ಆ ಊರಿನ ಬಾಗಿಲು ಯಾವ ದಿಕ್ಕಿಗಿದೆ, ಬಾವಿಯ ನೀರಿಗೆ ಯಾರು ಮೊದಲು ಸಾಲು ನಿಲ್ಲುತ್ತಿದ್ದರು, ಮೇಲಿನ ಕೇರಿಯವರು ಕೆಳಗಿನ ಕೇರಿಗೆ ಯಾಕೆ ಹೆಣ್ಣು ಕೊಡುತ್ತಿರಲಿಲ್ಲ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ನನ್ನ ಸ್ವಂತ ಅಜ್ಜನ ಮನೆಗೆ ಯಾವ ಬಸ್ಸಿನಲ್ಲಿ ಹೋಗಬೇಕೆಂದು ಕೇಳಿದ್ದರೆ ಆಗ ಹೇಳಲು ಬರುತ್ತಿರಲಿಲ್ಲ. ದುಬೈಯ ಕರಾಮದಲ್ಲಿ, ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯ ಫ್ಲ್ಯಾಟಿನಲ್ಲಿ ಆ ಊರನ್ನು ಕಟ್ಟಿದ್ದು ನಾನೇ. ಹಾಳು ಮಾಡಿದ್ದರಲ್ಲೂ ನನ್ನ ಪಾಲು ದೊಡ್ಡದು.

ಆ ಫ್ಲ್ಯಾಟಿನಲ್ಲಿ ಎರಡು ಮಲಗುವ ಕೋಣೆಗಳಿದ್ದವು, ಎರಡು ಸಂಸಾರಗಳಿದ್ದವು. ಬಾಲ್ಕನಿ ಇದ್ದ ಕೋಣೆ ನಮ್ಮದು: ಪಪ್ಪಾ, ಮಮ್ಮಿ, ನಾನು, ಆರು ವರ್ಷದ ತಮ್ಮ ರಾಯನ್. ಇನ್ನೊಂದರಲ್ಲಿ ಹಮೀದ್ ಅಂಕಲ್ ಮತ್ತು ಝೊಹರಾ ಆಂಟಿ. ಅವರು ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು, ನಾವು ಕಲ್ಯಾಣಪುರದ ಕಡೆಯ ಕೊಂಕಣಿ ಕ್ರೈಸ್ತರು. ನಾವು ನಾಲ್ವರು ಇದ್ದಾಗ ಕೊಂಕಣಿ, ಅವರಿಬ್ಬರು ಇದ್ದಾಗ ಬ್ಯಾರಿ, ಎಲ್ಲರೂ ಅಡುಗೆಮನೆಯಲ್ಲಿ ಸೇರಿದಾಗ ಕನ್ನಡ. ನಾನು ಮತ್ತು ರಾಯನ್ ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆವು ಎಂದು ಮಮ್ಮಿ ಈಗಲೂ ಹಂಗಿಸುತ್ತಾಳೆ. ಇಲ್ಲಿ ಎಲ್ಲರ ಮಾತನ್ನೂ ಅಡುಗೆಮನೆಯ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ. ಅಡುಗೆಮನೆ ಎಂದರೆ ಇಬ್ಬರು ಹೆಂಗಸರು ಒಟ್ಟಿಗೆ ತಿರುಗಿದರೆ ಮೊಣಕೈ ತಾಗುವಷ್ಟು ಜಾಗ. ಒಲೆಯ ಬಲಗಡೆಯ ಎರಡು ಉರಿ ನಮ್ಮದು, ಎಡಗಡೆಯದು ಅವರದು. ಪಾತ್ರೆ ತಿಕ್ಕುವ ನಾರಿನ ವಿಷಯಕ್ಕೆ ವಾರಗಟ್ಟಲೆ ಮಾತು ಬಿಟ್ಟದ್ದೂ ಉಂಟು, ಜ್ವರ ಬಂದ ದಿನ ಒಬ್ಬರ ಗಂಜಿ ಇನ್ನೊಬ್ಬರು ಕಾಯಿಸಿದ್ದೂ ಉಂಟು.

ಆ ವರ್ಷ ಮನೆಯೊಳಗೆ ಯಾರೂ ಜೋರಾಗಿ ನಗುತ್ತಿರಲಿಲ್ಲ. ಪಪ್ಪಾ ಮೊದಲು ಕೆಲಸಕ್ಕಿದ್ದ ಹೋಟೆಲು ಮುಚ್ಚಿಹೋಗಿತ್ತು. ಅಲ್ಲಿ ಅವರು ಸೂಪರ್‌ವೈಸರ್ ಆಗಿದ್ದರು. ಜುಮೇರಾದ ಕಡೆ ಒಂದು ಇಟಾಲಿಯನ್ ಹೋಟೆಲಿನಲ್ಲಿ ಹೊಸ ಕೆಲಸವೇನೋ ಸಿಕ್ಕಿತು, ಆದರೆ ವೀಸಾದ ಮೇಲೆ ಹುದ್ದೆ ಎಂಬಲ್ಲಿ ‘ವೇಟರ್’ ಎಂದು ಬಿತ್ತು. ವೇಟರ್ ಎಂದು ಬಿದ್ದವನು ಹೆಂಡತಿ ಮಕ್ಕಳನ್ನು ಜೊತೆಗಿಟ್ಟುಕೊಳ್ಳುವ ಹಾಗಿರಲಿಲ್ಲ. ನಮ್ಮ ಮೂವರ ವೀಸಾವನ್ನು ‘ಹೋಲ್ಡ್’ನಲ್ಲಿ ಇಡಿಸಿದ್ದರು, ಅಂದರೆ ಸರಿಯಾದ ಹುದ್ದೆ ತೋರಿಸುವವರೆಗೆ ಒಂದಿಷ್ಟು ವಾಯಿದೆ. ಆ ವಾಯಿದೆ ಅಕ್ಟೋಬರಿನ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಪಪ್ಪಾ ‘ಕ್ಯಾಪ್ಟನ್’, ಅಂದರೆ ವೇಟರುಗಳ ಮೇಲಿನವರು, ಆಗಬೇಕು, ಇಲ್ಲವಾದರೆ ನಾವು ಮೂವರು ಊರಿಗೆ, ಪಪ್ಪಾ ಒಬ್ಬರೇ ಇಲ್ಲಿ, ಯಾವುದಾದರೂ ಕೋಣೆಯ ಬೆಡ್‌ಸ್ಪೇಸಿನಲ್ಲಿ, ಒಂದು ಮಂಚದಷ್ಟು ಬಾಡಿಗೆ ಜಾಗದಲ್ಲಿ. ಇದನ್ನು ನನಗೆ ಯಾರೂ ಕೂರಿಸಿ ಹೇಳಲಿಲ್ಲ. ಒಂದೇ ಕೋಣೆಯಲ್ಲಿ ನಾಲ್ವರು ಮಲಗುವ ಮನೆಯಲ್ಲಿ ಮಕ್ಕಳಿಗೆ ಪ್ರತ್ಯೇಕವಾಗಿ ಏನನ್ನೂ ಹೇಳಬೇಕಾಗಿರಲಿಲ್ಲ.

ಆ ಹೋಟೆಲಿನಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಮಾಲೀಕರು ಮೊಂತೆರೋವದಲ್ಲಿ ಹುಟ್ಟಿದವರು, ಕಂಕುಳಿನ ಕೂಸಾಗಿದ್ದಾಗಲೇ ತಾಯಿಯ ಜೊತೆ ಆಸ್ಟ್ರೇಲಿಯಾಕ್ಕೆ ಹೋದವರು. ಊರನ್ನು ಕಾಣದೆ ಬೆಳೆದದ್ದಕ್ಕೋ ಏನೋ ಅದರ ಮೇಲೆ ಅವರಿಗೆ ವಿಪರೀತ ಪ್ರೀತಿ. ಅವರ ಹೋಟೆಲಿನಲ್ಲಿ ಬರೇ ಬಡಿಸಿದರೆ ಸಾಲದು, ಒಂದೊಂದು ತಟ್ಟೆ ಇಡುವಾಗಲೂ ಮೇಜಿನ ಪಕ್ಕ ನಿಂತು ಮೊಂತೆರೋವದ ಚರಿತ್ರೆಯ ಒಂದೊಂದು ತುಂಡು ಹೇಳಬೇಕು. ರೊಟ್ಟಿ ಇಡುವಾಗ ಒಂದು, ಅವರೆಕಾಳಿನ ಸೂಪು ಇಡುವಾಗ ಇನ್ನೊಂದು, ಹೀಗೆ. ಅತಿಥಿಗಳು ಎದ್ದು ಹೋಗುವಾಗ ಆ ಊರಿಗೆ ಹೋಗಿ ಬಂದವರಂತೆ ಆಗಬೇಕು. ಮಾಲೀಕರು ಹೆಚ್ಚಾಗಿ ಅಬುಧಾಬಿಯಲ್ಲಿದ್ದ ಇನ್ನೊಂದು ಹೋಟೆಲಿನಲ್ಲೇ ಇರುತ್ತಿದ್ದರು, ಇಲ್ಲಿನದನ್ನೆಲ್ಲ ಮ್ಯಾನೇಜರ್ ನೋಡಿಕೊಳ್ಳುತ್ತಿದ್ದ. ಚೆನ್ನಾಗಿ ಹೇಳಿದವರು ಕ್ಯಾಪ್ಟನ್ ಆಗುತ್ತಾರೆ ಎಂದು ಆ ಮ್ಯಾನೇಜರೇ ಸಾರಿದ್ದ. ಪಪ್ಪಾನಿಗೆ ಎಂಟು ಹಾಳೆ ಇಂಗ್ಲಿಷ್ ಕೊಟ್ಟಿದ್ದರು. ಪಪ್ಪಾನದು ಹೋಟೆಲಿನ ಇಂಗ್ಲಿಷ್. ‘ಸ್ಟಿಲ್ ಆರ್ ಸ್ಪಾರ್ಕ್ಲಿಂಗ್, ಸರ್’ ಎಂದು ಕುಡಿಯುವ ನೀರು ಯಾವುದೆಂದು ಕೇಳುವಾಗ ಲಾರ್ಡ್ ಮನೆತನದವರು. ಅದರಾಚೆಗೆ ಕಾಲಿಟ್ಟರೆ ತಡವರಿಸುತ್ತಿದ್ದರು.

ಹಾಗಾಗಿ ನಾನು ಮೇಷ್ಟ್ರಾದೆ. ಪಪ್ಪಾನದು ಬ್ರೇಕ್ ಶಿಫ್ಟು. ಬೆಳಿಗ್ಗೆ ಹೋದವರು ಮಧ್ಯಾಹ್ನ ಮೂರೂವರೆಗೆ ಬಂದು, ಸಂಜೆ ಐದೂವರೆಗೆ ಮತ್ತೆ ಹೊರಡುತ್ತಿದ್ದರು. ಮೊದಲೆಲ್ಲ ಆ ಎರಡು ಗಂಟೆ ಅವರು ನೆಲದ ಮೇಲೆ ಚಾಪೆ ಹಾಸಿ ಸತ್ತವರಂತೆ ಮಲಗುತ್ತಿದ್ದರು, ನಾವು ಬೆಕ್ಕಿನ ಹೆಜ್ಜೆಯಲ್ಲಿ ಓಡಾಡುತ್ತಿದ್ದೆವು. ಆ ಸೆಪ್ಟೆಂಬರಿನಲ್ಲಿ ನಿದ್ದೆ ಹೋಯಿತು, ಪಾಠ ಬಂತು. ಓದಿಸಿದರೆ ಅವರಿಗೆ ನೆನಪು ನಿಲ್ಲುತ್ತಿರಲಿಲ್ಲ. ಮೂರನೆಯ ದಿನ ನನಗೆ ಸಿಟ್ಟು ಬಂದು ಹಾಳೆಗಳನ್ನು ಕಿತ್ತುಕೊಂಡು ಅವರನ್ನು ಎಬ್ಬಿಸಿ ನಿಲ್ಲಿಸಿದೆ. ನಮ್ಮ ಫ್ಲ್ಯಾಟಿನ ಮುಂಬಾಗಿಲೇ ಊರಬಾಗಿಲು ಅಂದೆ. ಅಲ್ಲಿಂದ ಒಳಗೆ ಬರುವ ಉದ್ದ ಓಣಿ ಮೊಂತೆರೋವದ ಮೆಟ್ಟಿಲು ಬೀದಿ. ವಾಷಿಂಗ್ ಮಷಿನ್ ಬಾವಿ. ಅಡುಗೆಮನೆ, ಊರಿಗೆಲ್ಲ ಒಂದೇ ಇದ್ದ ರೊಟ್ಟಿ ಸುಡುವ ಗೂಡು. ಫ್ರಿಜ್ಜು ಚರ್ಚು, ಯಾಕೆಂದರೆ ಎಲ್ಲಕ್ಕಿಂತ ಎತ್ತರವಿದ್ದದ್ದು ಅದೇ. ಝೊಹರಾ ಆಂಟಿಯ ಕೋಣೆಯ ಬಾಗಿಲು ಕಾವಲು ಗೋಪುರ. ಪಪ್ಪಾ ಒಂದೊಂದು ಜಾಗಕ್ಕೂ ಹೋಗಿ ಅಲ್ಲಿನ ಕಥೆ ಹೇಳಬೇಕು, ತಪ್ಪಿದರೆ ವಾಪಸು ಮುಂಬಾಗಿಲಿಗೆ. ನಾಲ್ಕೇ ದಿನಗಳಲ್ಲಿ ಅವರು ಗೂಡಿನ ತನಕ ಒಂದೂ ತಪ್ಪಿಲ್ಲದೆ ನಡೆದರು. ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾಗಿ ಶಾಲೆಯ ಬಸ್ಸಿನಲ್ಲಿ ಎಲ್ಲರಿಗೂ ಕೊಚ್ಚಿಕೊಂಡೆ.

ಊರು ನಿಜವಾಗಿಯೂ ಚೆನ್ನಾಗಿತ್ತು. ಸಮುದ್ರದ ಕಡೆಯಿಂದ ಅರಬರ ಹಡಗುಗಳು ಬಂದು ಊರಿಗೆ ಮುತ್ತಿಗೆ ಹಾಕಿದಾಗ, ಗಂಡಸರೆಲ್ಲ ಕುರಿ ಮೇಯಿಸಲು ದೂರ ಹೋಗಿದ್ದರಂತೆ. ಹೆಂಗಸರು ರಾತ್ರಿಯೂಟಕ್ಕೆ ಬೇಯುತ್ತಿದ್ದ ಅವರೆಕಾಳಿನ ಸಾರನ್ನೇ ಗೋಡೆಯ ಮೇಲಿಂದ ಸುರಿದು ಊರು ಉಳಿಸಿದರಂತೆ. ಒಂದೇ ಗೂಡಿನಲ್ಲಿ ಊರಿನ ರೊಟ್ಟಿಯೆಲ್ಲ ಸುಡುತ್ತಿದ್ದರಿಂದ ಯಾರದು ಯಾವುದೆಂದು ತಿಳಿಯಲು ಪ್ರತಿ ಮನೆಗೂ ಮರದ ಒಂದು ಅಚ್ಚು ಇರುತ್ತಿತ್ತಂತೆ, ಹಸಿ ಹಿಟ್ಟಿನ ಮೇಲೆ ಒತ್ತಲಿಕ್ಕೆ. ಆಮೇಲೆ ಬರಗಾಲ ಬಂದು ಅರ್ಧ ಊರು ಹಡಗು ಹತ್ತಿತು. ಹೋಗುವವರು ಮನೆಯ ಬೀಗದ ಕೈಯನ್ನು ಗೂಡು ನೋಡಿಕೊಳ್ಳುವ ಹೆಂಗಸಿನ ಹತ್ತಿರ ಕೊಟ್ಟು ಹೋಗುತ್ತಿದ್ದರು. ಗೂಡಿನ ಗೋಡೆಯ ತುಂಬ ಬೀಗದ ಕೈಗಳು ತೂಗುತ್ತಿದ್ದವು ಎನ್ನುವಲ್ಲಿಗೆ ಬಂದರೆ ಪಪ್ಪಾನ ಸ್ವರ ತನ್ನಷ್ಟಕ್ಕೆ ಇಳಿಯುತ್ತಿತ್ತು. ಅದನ್ನು ನಾನು ಕಲಿಸಿರಲಿಲ್ಲ.

ಅರಬರ ಕಥೆ ಕೇಳಿ ಝೊಹರಾ ಆಂಟಿ ಮೀನು ತೊಳೆಯುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಂತರು.

“ಬಿಸಿ ಸಾರು ಸುರಿದದ್ದು ಯಾರ ಮೇಲೆ ಮೋಳೆ, ನಮ್ಮವರ ಮೇಲೆಯಾ? ಹಾಗಾದ್ರೆ ನನ್ನ ಕೋಣೆ ಬಾಗಿಲಲ್ಲಿ ನಿಂತು ಹೇಳ್ಬೇಡಿ.”

ಮೋಳೆ ಎಂದರೆ ಬ್ಯಾರಿಯಲ್ಲಿ ಮಗಳೇ. ಅವರು ನಗುತ್ತಲೇ ಅಂದದ್ದು. ಆದರೆ ಮರುದಿನದಿಂದ ಪಪ್ಪಾ ಗೋಪುರವನ್ನು ನಮ್ಮ ಬಾಲ್ಕನಿಗೆ ಸಾಗಿಸಿದರು.

ಮಮ್ಮಿಗೆ ಇದು ಯಾವುದೂ ಹಿಡಿಸಲಿಲ್ಲ. ಅವಳು ಆಗಲೇ ಕಟ್ಟಡದ ಕೆಳಗಿನ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತಂದು ಮಂಚದ ಅಡಿಗೆ ದೂಡಿದ್ದಳು. ಕೇಳಿದರೆ ಸುಮ್ಮನೆ ಇರಲಿ ಎಂದಳು. ಪಪ್ಪಾ ಊಟಕ್ಕೆ ಕೂತಾಗಲೂ ತುಟಿ ಅಲ್ಲಾಡಿಸುತ್ತ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಬಂಗುಡೆಯ ಮುಳ್ಳು ಬಿಡಿಸಿ ರಾಯನ್‌ನ ತಟ್ಟೆಗೆ ಹಾಕುವ ಕೆಲಸ ಯಾವತ್ತೂ ಅವರದು. ಒಂದು ದಿನ ಅವನ ಗಂಟಲಿಗೆ ಮುಳ್ಳು ಚುಚ್ಚಿತು. ಬಾಳೆಹಣ್ಣು, ಅನ್ನದ ಉಂಡೆ, ಬೆನ್ನಿಗೆ ಗುದ್ದು ಎಲ್ಲ ಮುಗಿದು ಮುಳ್ಳು ಇಳಿದ ಮೇಲೆ ಮಮ್ಮಿ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. ಹತ್ತು ವರ್ಷದಲ್ಲಿ ತನ್ನ ಊರಿನ ಕಥೆ ಒಂದು ಮಕ್ಕಳಿಗೆ ಹೇಳಿದ್ದಿಲ್ಲ, ಈಗ ಯಾರದೋ ಊರಿನ ಬಾವಿ, ಯಾರದೋ ಊರಿನ ಗೂಡು ಎಂದು ಬೈದಳು. ಪಪ್ಪಾ ತಿರುಗಿ ಬೈಯಲಿಲ್ಲ. ಆ ಬಾವಿಯಿಂದ ನೀರು ಬಂದರೆ ನೀನೂ ಕುಡಿಯುತ್ತಿ ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದರು. ನಾನು ಪಪ್ಪಾನ ಪಕ್ಷ. ಮಮ್ಮಿಗೆ ನಾವು ಗೆಲ್ಲುವುದು ಬೇಡವಾಗಿದೆ ಎಂದು ಆಗ ಖಂಡಿತವಾಗಿ ನಂಬಿದ್ದೆ. ಅವಳು ಹೆದರಿದ್ದಳು ಎಂದು ತಿಳಿಯಲು ನಾನು ಬೇರೆ ವಯಸ್ಸಿಗೆ ಬರಬೇಕಾಯಿತು.

ಎಂಟನೆಯ ಹಾಳೆಯ ಕೊನೆಯಲ್ಲಿ ಒಂದೇ ಒಂದು ಸಾಲಿತ್ತು. ಸೆಪ್ಟೆಂಬರ್ ಎಂಟರಂದು ಊರಿನವರು ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟಿದ ದಿನವನ್ನು ಸ್ಮರಿಸುತ್ತಾರೆ, ಅಷ್ಟೇ. ಅದನ್ನು ಕೊನೆಯ ಸಿಹಿಯ ಜೊತೆ ಹೇಳಬೇಕು. ನಾವು ಆ ಸಾಲಿಗೆ ಬಂದದ್ದು ಮೊಂತಿ ಹಬ್ಬ ಮುಗಿದ ಮರುದಿನ. ನಮ್ಮ ಕರಾವಳಿಯ ಕ್ರೈಸ್ತರಿಗೆ ಅದು ಹೊಸ ಅಕ್ಕಿಯ ಹಬ್ಬ, ಅದೇ ಸೆಪ್ಟೆಂಬರ್ ಎಂಟು. ಹಮೀದ್ ಅಂಕಲ್ ಊರಿನಿಂದ ಬರುವಾಗ ನಮಗೋಸ್ಕರ ಪೇಪರಿನಲ್ಲಿ ಸುತ್ತಿ ಭತ್ತದ ಕದಿರು ತಂದಿದ್ದರು. ಅದನ್ನು ಹತ್ತಿರದ ಊದ್ ಮೇಥಾದ ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ, ಮಮ್ಮಿ ಒಂದೊಂದೇ ಕಾಳು ಸುಲಿದು, ಅರೆದು, ತೆಂಗಿನ ಹಾಲು ಬೆಲ್ಲಕ್ಕೆ ಸೇರಿಸಿದ್ದಳು. ಹಿರಿಯರಿಂದ ಕಿರಿಯರ ತನಕ ಎಲ್ಲರೂ ಒಂದೊಂದು ಚಮಚ. ಮೀನು ಮಾಂಸ ಇಲ್ಲದ ಊಟ, ಬಾಳೆಲೆ, ಕೆಸುವಿನ ದಂಟು, ಹೀರೆಕಾಯಿ, ಬೆಂಡೆ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನವೂ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಪುಟ್ಟ ಮರಿಯಮ್ಮನ ಮೂರ್ತಿಗೆ ಎಸೆಯುವುದು. ರಾಯನ್ ಚರ್ಚಿನಲ್ಲಿ ಹೂವನ್ನು ಮುಂದಿನ ಹುಡುಗಿಯ ತಲೆಗೆ ಎಸೆದು ಪೆಟ್ಟು ತಿಂದಿದ್ದ. ಬೆಲ್ಲದ ಪರಿಮಳ ಅಡುಗೆಮನೆಯಿಂದ ಇನ್ನೂ ಹೋಗಿರಲಿಲ್ಲ. ಪಪ್ಪಾ ಹಾಳೆಯನ್ನು ಕೈಯಲ್ಲಿ ಹಿಡಿದು ಫ್ರಿಜ್ಜಿನ ಮುಂದೆ ನಿಂತಿದ್ದರು.

“ಬಾಯ್, ಇದು ನಮ್ಮ ಮೊಂತಿ ಹಬ್ಬವೇ ಅಲ್ವಾ? ಇಷ್ಟು ಸಣ್ಣ ಮಾಡಿ ಬರ್ದಿದ್ದಾರೆ. ಬರೆದವನಿಗೆ ಪುರುಸೊತ್ತು ಇರ್ಲಿಲ್ಲ ಕಾಣ್ತದೆ.”

ಬಾಯ್ ಎಂದರೆ ನಮ್ಮಲ್ಲಿ ಮಗಳನ್ನು ಮುದ್ದಿನಿಂದ ಕರೆಯುವುದು. ನನಗೂ ಹಾಗೆಯೇ ಅನ್ನಿಸಿತು. ಮರಿಯಮ್ಮ ಒಬ್ಬಳೇ, ಹುಟ್ಟಿದ ದಿನ ಒಂದೇ, ಅಂದಮೇಲೆ ಹಬ್ಬ ಬೇರೆ ಆಗುವುದು ಹೇಗೆ? ಪಪ್ಪಾನಿಗೆ ಇದರಲ್ಲಿ ಮೋಸ ಎಂಬುದು ಒಂದು ಚೂರೂ ಇರಲಿಲ್ಲ. ಕಲ್ಯಾಣಪುರದಲ್ಲಿ ಇದ್ದದ್ದು ಇಟಲಿಯಲ್ಲಿ ಇಲ್ಲದಿರಲು ಕಾರಣವೇ ಅವರಿಗೆ ಹೊಳೆಯಲಿಲ್ಲ. ಹಬ್ಬವೆಲ್ಲ ಅಲ್ಲಿಂದಲೇ ಬಂದದ್ದಲ್ಲವೇ ಎಂದರು. ಭತ್ತವನ್ನು ಗೋಧಿ ಮಾಡಿದ್ದು ಮಾತ್ರ ನನ್ನ ಜಾಣತನ. ಮಿಕ್ಕದ್ದನ್ನು ಅವರು ಹೇಳುತ್ತ ಹೋದರು, ನಾನು ಇಂಗ್ಲಿಷಿಗೆ ಹಾಕುತ್ತ ಹೋದೆ: ಮೆಟ್ಟಿಲು ಬೀದಿಯಲ್ಲಿ ಬಿಳಿ ಅಂಗಿಯ ಮಕ್ಕಳ ಸಾಲು, ಎಲ್ಲರ ಮುಂದೆ ಅತಿ ಚಿಕ್ಕವರು, ಕೈಯಲ್ಲಿ ಬುಟ್ಟಿ, ಹೆಜ್ಜೆಗೊಂದು ಮುಷ್ಟಿ ಹೂವು, ಮನೆಗೆ ಬಂದ ಮೇಲೆ ಹೊಸ ಗೋಧಿಯ ಕಾಳು ಬೆರೆಸಿದ ಹಾಲು, ಮನೆಯ ಹಿರಿಯಳ ಕೈಯಿಂದ.

ಪಪ್ಪಾ ಅದನ್ನು ಹೇಳುವಾಗ ತಡವರಿಸುತ್ತಲೇ ಇರಲಿಲ್ಲ. ಹೋಟೆಲಿನಲ್ಲಿ ಅದು ಹಿಡಿಯಿತು. ಒಬ್ಬ ಜರ್ಮನ್ ಹೆಂಗಸು ಕಣ್ಣು ಒರೆಸಿಕೊಂಡಳಂತೆ. ಮ್ಯಾನೇಜರ್ ಉಳಿದ ವೇಟರುಗಳಿಗೂ ಇದನ್ನೇ ಕಲಿಯಿರಿ ಎಂದನಂತೆ. ಪಪ್ಪಾ ಮೂರೂವರೆಗೆ ಮೆಟ್ಟಿಲು ಹತ್ತಿ ಬರುವ ಸದ್ದೇ ಬದಲಾಯಿತು. ನಾನು ಆ ಸದ್ದಿಗೆ ಕಾದು ಕೂರುತ್ತಿದ್ದೆ. ಮಮ್ಮಿ ಕೂಡ ಒಂದು ಪೆಟ್ಟಿಗೆಯನ್ನು ಮಂಚದ ಅಡಿಯಿಂದ ಎಳೆದು ಹರಿದು, ಎಣ್ಣೆ ಹಾರದಂತೆ ಒಲೆಯ ಹಿಂದಕ್ಕೆ ಅಂಟಿಸಿದಳು. ಆದರೆ ಅಕ್ಟೋಬರ್ ಬಂದಿತ್ತು. ಕ್ಯಾಪ್ಟನ್ ಯಾರೆಂದು ಮ್ಯಾನೇಜರ್ ಬಾಯಿ ಬಿಡುತ್ತಿರಲಿಲ್ಲ. ದಿನ ಕಳೆದ ಹಾಗೆ ಮನೆಯೊಳಗೆ ಸಣ್ಣ ಮಾತಿಗೂ ಸಿಡಿಯುವುದು ಶುರುವಾಯಿತು, ಎ.ಸಿ. ಹಾಕಿದರೆ ಒಬ್ಬರಿಗೆ ಸಿಟ್ಟು, ಆರಿಸಿದರೆ ಇನ್ನೊಬ್ಬರಿಗೆ. ರಾಯನ್ ಹಾಸಿಗೆ ಒದ್ದೆ ಮಾಡಲು ತೊಡಗಿದ.

ಆಗ ಸುದ್ದಿ ಬಂತು. ಮಾಲೀಕರ ತಾಯಿ ಬರುತ್ತಿದ್ದಾರೆ. ಆಸ್ಟ್ರೇಲಿಯಾದಲ್ಲಿ ಬಹಳ ವರ್ಷ ಹೊಲಿಗೆ ಕೆಲಸ ಮಾಡಿ, ವಯಸ್ಸಾದ ಮೇಲೆ ಮೊಂತೆರೋವಕ್ಕೇ ವಾಪಸು ಹೋಗಿ ನೆಲೆಸಿದ್ದ ಅಜ್ಜಿ. ಬರುವ ಶುಕ್ರವಾರ ಮಧ್ಯಾಹ್ನ ಅವರು ಮಗನ ಜೊತೆ ಹೋಟೆಲಿಗೆ ಊಟಕ್ಕೆ ಬರುತ್ತಾರೆ, ಅವರ ಮೇಜಿಗೆ ಪಪ್ಪಾನೇ ನಿಲ್ಲಬೇಕು. ಅಜ್ಜಿ ತಲೆ ಆಡಿಸಿದರೆ ಭಾನುವಾರ ಹುದ್ದೆಯ ಕಾಗದ ಕೈಗೆ ಎಂದು ಮ್ಯಾನೇಜರ್ ಹೇಳಿದ್ದ. ಪಪ್ಪಾ ಕರಾಮದ ಸಲೂನಿನಲ್ಲಿ ಕೂದಲು ಕತ್ತರಿಸಿಕೊಂಡು ಬಂದರು. ಮಮ್ಮಿ ಅವರ ಕಪ್ಪು ಶೂಗೆ ಎರಡೆರಡು ಸಲ ಪಾಲಿಶ್ ಹಾಕಿದಳು.

ಗುರುವಾರ ಶಾಲೆಯಿಂದ ಬಂದವಳು ನಾನು ಹಮೀದ್ ಅಂಕಲ್ಲಿನ ಕಂಪ್ಯೂಟರಿನ ಮುಂದೆ ಕೂತೆ. ಹಬ್ಬದ ಒಂದು ಫೋಟೋ ಸಿಕ್ಕಿದರೆ ಪಪ್ಪಾನಿಗೆ ತೋರಿಸೋಣ, ಬುಟ್ಟಿ ದುಂಡಗಿದೆಯೋ ಚೌಕವಿದೆಯೋ ಎಂಬುದನ್ನೂ ಸೇರಿಸಿ ಹೇಳಲಿ ಎಂಬ ಆಸೆ. ಮೊಂತೆರೋವದ ಹೆಸರು ಹಾಕಿ ಹುಡುಕಿದೆ. ಒಂದು ಪುಟ ಸಿಕ್ಕಿತು, ಇಟಾಲಿಯನ್ನಿನಲ್ಲಿ. ಕಂಪ್ಯೂಟರು ಅದನ್ನು ಮುರುಕು ಇಂಗ್ಲಿಷಿಗೆ ತಿರುಗಿಸಿ ಕೊಟ್ಟಿತು. ನಾನು ಮೊದಲ ಸಲ ಓದಿದಾಗ ತಪ್ಪಾಗಿ ಓದಿದೆ ಅಂದುಕೊಂಡೆ. ಬಹಳ ಹಿಂದೆ, ಮರಿಯಮ್ಮನವರ ಹುಟ್ಟಿದ ದಿನ, ಹಿಂದಿನ ರಾತ್ರಿಯ ಮಳೆಗೆ ಗುಡ್ಡ ಜರಿದು ಮೆಟ್ಟಿಲು ಬೀದಿಯ ಮೇಲೆ ಬಿದ್ದಿತ್ತು. ಆ ಹೊತ್ತಿಗೆ ಮೆರವಣಿಗೆ ಅಲ್ಲಿತ್ತು. ಮುಂದಿದ್ದದ್ದು ಹೂವು ಎರಚುವ ಮಕ್ಕಳ ಸಾಲು. ಹನ್ನೊಂದು ಮಕ್ಕಳು. ಅಂದಿನಿಂದ ಆ ದಿನ ಊರಿನಲ್ಲಿ ಮೆರವಣಿಗೆ ಇಲ್ಲ, ಗೂಡಿಗೆ ಬೆಂಕಿ ಹಾಕುವುದಿಲ್ಲ, ಯಾರೂ ಹೂವು ಕೊಯ್ಯುವುದಿಲ್ಲ, ಮಕ್ಕಳನ್ನು ಮನೆಯಿಂದ ಹೊರಗೆ ಬಿಡುವುದಿಲ್ಲ. ಮಾಲೀಕರು ಎಂಟನೆಯ ಹಾಳೆಯಲ್ಲಿ ಒಂದೇ ಸಾಲು ಬರೆದದ್ದು ಅದಕ್ಕೆ. ಊಟಕ್ಕೆ ಬಂದವರ ಮುಂದೆ ಇದನ್ನು ಯಾರು ಹೇಳುತ್ತಾರೆ?

ಪುಟ ಮುಚ್ಚಿ ಅಡುಗೆಮನೆಗೆ ಹೋಗಿ ಮಮ್ಮಿಗೆ ಎಲ್ಲ ಹೇಳಿದೆ. ಅವಳು ಈರುಳ್ಳಿ ಹೆಚ್ಚುತ್ತಿದ್ದವಳು ಬೇಗ ಬೇಗ ಶಿಲುಬೆಯ ಗುರುತು ಹಾಕಿಕೊಂಡಳು. ಮೂರು ಗಂಟೆ ಕಳೆದಿತ್ತು, ಪಪ್ಪಾ ಬರುವ ಹೊತ್ತು. ಅವಳು ನನ್ನ ತೋಳು ಹಿಡಿದು ಬಾಲ್ಕನಿಗೆ ಕರೆದುಕೊಂಡು ಹೋದಳು.

“ಈಗ ಹೇಳಿದ್ರೆ ಅವರಿಗೆ ಪೂರ್ತಿ ತಪ್ಪಿಹೋಗ್ತದೆ. ಬಾವಿಯೂ ಮರೀತಾರೆ, ಗೂಡೂ ಮರೀತಾರೆ. ನಾಳೆ ಒಂದು ದಿನ ಕಳೀಲಿ. ಆಮೇಲೆ ಹೇಳುವ.”

ಅಜ್ಜಿಗೆ ಬೇಜಾರಾದರೆ ಎಂದು ಕೇಳಿದೆ. ಹಳೆಯ ಕಾಲದ್ದು, ಅವರು ಎಲ್ಲೆಲ್ಲೋ ಇದ್ದು ಬಂದವರು, ಅಷ್ಟಕ್ಕೂ ದೇವರ ಹಬ್ಬವನ್ನು ಚೆನ್ನಾಗಿ ಹೇಳಿದರೆ ಯಾರಿಗೆ ಸಿಟ್ಟು ಬರುತ್ತದೆ ಎಂದಳು. ಅವಳಿಗೂ ನಂಬಿಕೆ ಇರಲಿಲ್ಲ, ಸ್ವರದಲ್ಲೇ ಗೊತ್ತಾಗುತ್ತಿತ್ತು. ನಾನು ಹೂಂ ಎಂದೆ. ಮಮ್ಮಿ ಹೇಳಿದಳು ಎಂದು ಹೂಂ ಅಂದದ್ದಲ್ಲ. ಆ ಹಬ್ಬದ ತುಂಡು ನಾನು ಬರೆದದ್ದು. ಪಪ್ಪಾನ ಬಾಯಲ್ಲಿ ಅದು ಅಷ್ಟು ಚಂದ ಬರುತ್ತಿತ್ತು, ಅದನ್ನು ತೆಗೆದುಹಾಕಲು ನನಗೆ ಮನಸ್ಸಿರಲಿಲ್ಲ. ಇದನ್ನು ನಾನು ಯಾರ ಹತ್ತಿರವೂ ಹೇಳಿಲ್ಲ. ಪಪ್ಪಾ ಬಂದರು, ಮುಂಬಾಗಿಲಿನಿಂದ ಫ್ರಿಜ್ಜಿನ ತನಕ ಒಂದೂ ತಪ್ಪಿಲ್ಲದೆ ನಡೆದರು. ನಾನು ಹಾಳೆಗಳನ್ನು ಹಿಡಿದು ಹಿಂದೆ ಹಿಂದೆ ಹೋದೆ, ಕೊನೆಯಲ್ಲಿ ಚಪ್ಪಾಳೆ ತಟ್ಟಿದೆ.

ಶುಕ್ರವಾರ ಅಲ್ಲಿ ವಾರದ ರಜೆ, ಬೆಳಿಗ್ಗೆ ನಾವು ಚರ್ಚಿಗೆ ಹೋಗಿ ಬಂದೆವು. ಮಮ್ಮಿ ಅನ್ನಕ್ಕೆ ಇಟ್ಟವಳು ನೀರು ಹಾಕಲು ಮರೆತು ಪಾತ್ರೆ ಸೀದಿತು. ಝೊಹರಾ ಆಂಟಿ ತಮ್ಮ ಪಾಲಿನ ತುಪ್ಪದನ್ನ ನಮಗೂ ಬಡಿಸಿದರು. ಎಲ್ಲ ಒಳ್ಳೆಯದಾಗುತ್ತದೆ, ತಿನ್ನಿ ಎಂದರು. ಎರಡೂವರೆಗೆ ನಾನು ಬಾಲ್ಕನಿಯಲ್ಲಿ ನಿಂತೆ. ಕೆಳಗೆ ನಮಾಜು ಮುಗಿಸಿ ಬಂದವರು ಹೋಟೆಲುಗಳ ಮುಂದೆ ಗುಂಪುಗುಂಪಾಗಿ ನಿಂತಿದ್ದರು. ಮೂರೂವರೆ ಆಯಿತು, ನಾಲ್ಕಾಯಿತು. ನಾಲ್ಕೂಕಾಲಿಗೆ ಪಪ್ಪಾ ಬಸ್ ಸ್ಟಾಪಿನ ಕಡೆಯಿಂದ ನಡೆದು ಬರುವುದು ಕಾಣಿಸಿತು. ಬೋ ಟೈ ಬಿಚ್ಚಿ ಕಿಸೆಗೆ ಹಾಕಿದ್ದರು. ನನಗೆ ಆಗಲೇ ತಿಳಿಯಿತು.

ಅವರು ಹೇಳಿದ್ದು ಇಷ್ಟು. ರೊಟ್ಟಿಯ ಹೊತ್ತಿಗೆ ಅಜ್ಜಿ ನಗುತ್ತಿದ್ದರು. ತಮ್ಮ ಮನೆಯ ಅಚ್ಚು ಹೇಗಿತ್ತೆಂದು ಬೆರಳಿನಿಂದ ಮೇಜುಬಟ್ಟೆಯ ಮೇಲೆ ಬರೆದು ತೋರಿಸಿದರು. ಬೀಗದ ಕೈಗಳ ಕಥೆಗೆ ಪಪ್ಪಾನ ಕೈ ಹಿಡಿದುಕೊಂಡರು. ಕೊನೆಗೆ ಸಿಹಿ ಬಂತು. ಪಪ್ಪಾ ಹೇಳಲು ತೊಡಗಿದರು. ಮಕ್ಕಳು, ಬುಟ್ಟಿ, ಹೂವು. ಅಜ್ಜಿ ಚಮಚವನ್ನು ಕೆಳಗಿಟ್ಟರು. ಮಗ ಏನೋ ಹೇಳಲು ಹೋದಾಗ ಕೈ ಎತ್ತಿ ತಡೆದು, ಪಪ್ಪಾನ ಮುಖವನ್ನೇ ನೋಡುತ್ತ ಕೊನೆಯ ತನಕ ಕೇಳಿದರು. ಆಮೇಲೆ ಎದ್ದು ಕಾರಿನ ಕಡೆಗೆ ನಡೆದರು. ಮಾಲೀಕರು ಮ್ಯಾನೇಜರನ್ನು ಒಳಗೆ ಕರೆದರು. ಮ್ಯಾನೇಜರ್ ಹೊರಗೆ ಬಂದವನು ಪಪ್ಪಾನಿಗೆ ಒಂದೇ ಶಬ್ದ ಹೇಳಿದ, ಖಲಾಸ್. ಕ್ಯಾಪ್ಟನ್ ಇನ್ನೊಬ್ಬನಾದ. ಪಪ್ಪಾನಿಗೆ ವೇಟರ್ ಕೆಲಸ ಉಳಿಯಿತು. ಯಾಕೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ.

ಯಾಕೆಂದು ಪಪ್ಪಾ ತಾವೇ ಒಂದು ಕಾರಣ ಹುಡುಕಿಕೊಂಡರು. ಅಜ್ಜಿ ಆಸ್ಟ್ರೇಲಿಯಾದಲ್ಲಿದ್ದವರು, ಒಳ್ಳೆಯ ಇಂಗ್ಲಿಷ್ ಬಲ್ಲವರು. ತಮ್ಮ ಇಂಗ್ಲಿಷ್ ಅವರಿಗೆ ಏನೂ ಅರ್ಥವಾಗಲಿಲ್ಲ, ಸಾಕಾಗಿ ಎದ್ದು ಹೋದರು. ಅದಾದ ಮೇಲೆ ಎರಡು ವಾರ ಪಪ್ಪಾ ಬಚ್ಚಲುಮನೆಯಲ್ಲಿ ನೀರು ಬಿಟ್ಟುಕೊಂಡು ಪ್ರೊಸೆಷನ್, ಪ್ರೊಸೆಷನ್ ಎಂದು ಹೇಳಿಕೊಳ್ಳುವುದು ಹೊರಗೆ ಕೇಳುತ್ತಿತ್ತು. ನನ್ನ ಹತ್ತಿರ ಮೊದಲಿನ ಹಾಗೆ ಮಾತಾಡುತ್ತಿರಲಿಲ್ಲ. ಸಿಟ್ಟಿನಿಂದಲ್ಲ, ನಾಚಿಕೆಯಿಂದ. ಮಗಳು ಅಷ್ಟು ಕಲಿಸಿದರೂ ತನಗೆ ಬರಲಿಲ್ಲವಲ್ಲ ಎಂಬ ನಾಚಿಕೆ. ನಾನು ಅದನ್ನು ನೋಡುತ್ತ ಸುಮ್ಮನಿದ್ದೆ. ಮಮ್ಮಿ ಸುಮ್ಮನಿದ್ದಳು. ಮಂಚದ ಅಡಿಯ ಪೆಟ್ಟಿಗೆಗಳು ಹೊರಗೆ ಬಂದವು. ಆ ಎರಡು ವಾರಗಳಲ್ಲಿ ನಾನು ಎಷ್ಟು ಹೇಡಿ ಎಂದು ನನಗೆ ತಿಳಿಯಿತು, ಆ ತಿಳಿವಳಿಕೆ ಇವತ್ತಿಗೂ ನನ್ನ ಜೊತೆಯಲ್ಲೇ ಇದೆ.

ಹೊರಡುವ ದಿನ ಬೆಳಿಗ್ಗೆ ಪಪ್ಪಾ ರಜೆ ಹಾಕಿ ಪೆಟ್ಟಿಗೆಗಳ ಸುತ್ತ ನೈಲಾನ್ ಹಗ್ಗ ಬಿಗಿಯುತ್ತಿದ್ದರು. ವಿಮಾನ ಮಧ್ಯಾಹ್ನಕ್ಕೆ. ಪೆಟ್ಟಿಗೆಯ ಮೇಲೆ ನಮ್ಮ ಹೆಸರು, ಊರು ಬರೆಯಲು ಮಾರ್ಕರ್ ಪೆನ್ನನ್ನು ನನ್ನ ಕೈಗೆ ಕೊಟ್ಟು, ನೀನೇ ಬರಿ, ನನ್ನ ಇಂಗ್ಲಿಷ್ ನಂಬಿದರೆ ಪೆಟ್ಟಿಗೆ ಎಲ್ಲಿಗಾದರೂ ಹೋದೀತು ಎಂದರು. ತಮಾಷೆಗೆ ಅಂದದ್ದು. ನನಗೆ ತಡೆಯಲಾಗಲಿಲ್ಲ. ಅಳುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಕಂಪ್ಯೂಟರಿನ ಪುಟ, ಗುಡ್ಡ, ಮೆಟ್ಟಿಲು ಬೀದಿ, ಹೂವು ಎರಚುವ ಮಕ್ಕಳು. ಗುರುವಾರವೇ ಗೊತ್ತಿತ್ತು ಎಂದೆ. ಅಡುಗೆಮನೆಯ ಬಾಗಿಲಲ್ಲಿ ಮಮ್ಮಿ ಬಂದು ನಿಂತಿದ್ದಳು. ಹೇಳಬೇಡ ಅಂದದ್ದು ನಾನೇ ಎಂದಳು. ಪಪ್ಪಾ ನಮ್ಮಿಬ್ಬರನ್ನೂ ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದು ನಾನು ಕಾದೆ. ಅವರು ಹಗ್ಗವನ್ನು ಕೈಯಿಂದ ಬಿಟ್ಟು ಪೆಟ್ಟಿಗೆಯ ಮೇಲೆ ಕೂತರು.

“ಎಷ್ಟು ಮಕ್ಕಳು?”

ಹನ್ನೊಂದು ಎಂದೆ. ಕೆಲಸದ ಮಾತು, ವೀಸಾದ ಮಾತು ಅವರ ಬಾಯಿಗೆ ಬರಲೇ ಇಲ್ಲ. ಆಮೇಲೆ ಎದ್ದು ಮುಖ ತೊಳೆದು, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಒಂದು ಗಂಟೆಯೊಳಗೆ ಬರುತ್ತೇನೆ ಎಂದು ಹೊರಟರು. ಅಜ್ಜಿ ಇನ್ನೂ ಮಗನ ಮನೆಯಲ್ಲೇ ಇದ್ದರು, ಹೋಟೆಲಿನ ಹಿಂದಿನ ಬೀದಿಯ ವಿಲ್ಲಾದಲ್ಲಿ. ವಿಮಾನ ತಪ್ಪುತ್ತದೆ ಎಂದು ಮಮ್ಮಿ ಒಂದೇ ಸಮನೆ ಗಡಿಯಾರ ನೋಡಿದಳು. ಅರ್ಧ ಕಟ್ಟಿದ ಪೆಟ್ಟಿಗೆಯನ್ನು ಹಮೀದ್ ಅಂಕಲ್ ಕಟ್ಟಿ ಮುಗಿಸಿದರು. ಝೊಹರಾ ಆಂಟಿ ರಾಯನ್‌ನನ್ನು ಮಡಿಲಲ್ಲಿ ಕೂರಿಸಿಕೊಂಡು ಅವನ ಶೂ ಲೇಸು ಕಟ್ಟಿ ಬಿಚ್ಚಿ, ಮತ್ತೆ ಕಟ್ಟುತ್ತಿದ್ದರು. ಪಪ್ಪಾ ಬಂದಾಗ ಕೆಳಗೆ ಟ್ಯಾಕ್ಸಿ ಕಾಯುತ್ತಿತ್ತು.

ಟ್ಯಾಕ್ಸಿ ಕ್ರೀಕ್ ಎಂಬ ಹಿನ್ನೀರಿನ ಸೇತುವೆ ದಾಟಿತು. ಆಮೇಲೆ ಮಮ್ಮಿ, ಕೆಲಸದ ವಿಷಯ ಏನಾದರೂ ಹೇಳಿದರಾ ಎಂದು ಮೆಲ್ಲಗೆ ಕೇಳಿದಳು. ಅದನ್ನು ಕೇಳಲು ಹೋದದ್ದಲ್ಲ, ಕ್ಷಮೆ ಕೇಳಲು ಎಂದರು ಪಪ್ಪಾ. ಅಜ್ಜಿಯ ತಮ್ಮ ಒಬ್ಬ ಆ ಸಾಲಿನಲ್ಲಿದ್ದನಂತೆ. ಬುಟ್ಟಿ ಹಿಡಿಯಲು ಹಟ ಮಾಡಿದ್ದನಂತೆ, ಅಜ್ಜಿಯೇ ಬುಟ್ಟಿ ಕೊಟ್ಟು ಕಳಿಸಿದ್ದರಂತೆ. ಇಷ್ಟು ಹೇಳಿ ಪಪ್ಪಾ ರಾಯನ್‌ನ ಕೈ ಹಿಡಿದುಕೊಂಡರು, ವಿಮಾನ ನಿಲ್ದಾಣದ ತನಕ ಬಿಡಲಿಲ್ಲ. ಅವನು ಬೆವರುತ್ತದೆ ಎಂದು ಕೈ ಎಳೆದುಕೊಳ್ಳಲು ನೋಡಿದ.

ಸಾಮಾನಿನ ಗಾಡಿಯನ್ನು ದೂಡಿಕೊಂಡು ಬಾಗಿಲಿನ ಹತ್ತಿರ ಬಂದೆವು. ಅಲ್ಲಿಂದ ಒಳಗೆ ಟಿಕೆಟು ಇದ್ದವರು ಮಾತ್ರ. ಮಮ್ಮಿ ಪಾಸ್‌ಪೋರ್ಟುಗಳನ್ನು ಹುಡುಕುತ್ತಿದ್ದಳು. ಪಪ್ಪಾ ಬಗ್ಗಿ ನನ್ನ ಬೆನ್ನಿನ ಚೀಲದ ಪಟ್ಟಿ ಸರಿಮಾಡುತ್ತಿದ್ದರು. ಅವರಿಗೆ ಕೊಡಲು ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.

“ಪಪ್ಪಾ, ನಿಮ್ಮ ಇಂಗ್ಲಿಷ್ ಸರಿಯಾಗೇ ಇತ್ತು. ಪ್ರಾಮಿಸ್.”

ಅವರು ಪಟ್ಟಿಯನ್ನು ಬಿಗಿದು, ನನ್ನ ತಲೆ ಸವರಿದರು.

“ಹೌದು ಬಾಯ್. ಒಂದು ಶಬ್ದ ಬಿಡದೆ ಅರ್ಥ ಆಗಿದೆ ಆ ಅಜ್ಜಿಗೆ.”